ಮಲಗುವ ಕೋಣೆಯಲ್ಲಿ ಗುಳಿಗೆ ಹಾಕಿದ ಚೀಲ

ಓದುಗರ ಪ್ರಶ್ನೆ (ಚಿಕ್ಕದು ಮಾಡಿದೆ):

"ಸರ್, ನಾವು ಕಲಬುರಗಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ವರ್ಷದ ಜೋಳ, ತೊಗರಿ ಆಳಂದ ಕಡೆಯ ನಮ್ಮ ಅತ್ತೆಯ ಊರಿನಿಂದಲೇ ಬರುತ್ತದೆ. ಈ ಸಲ ರಾಶಿ ಆದ ಮೇಲೆ ಎರಡು ಚೀಲ ಜೋಳ, ಒಂದು ಚೀಲ ತೊಗರಿ ಬಂತು. ನುಸಿ ಹತ್ತಬಾರದು ಅಂತ ನನ್ನ ಮೈದುನ ಒಂದೊಂದು ಚೀಲಕ್ಕೆ ಎರಡೆರಡು ಗುಳಿಗೆ ಬಟ್ಟೆಯಲ್ಲಿ ಕಟ್ಟಿ ಹಾಕಿಕೊಟ್ಟಿದ್ದಾನೆ. ಜಾಗ ಇಲ್ಲದೆ ಚೀಲಗಳನ್ನು ನಾವು ಮಲಗುವ ಕೋಣೆಯ ಮೂಲೆಯಲ್ಲೇ ಇಟ್ಟಿದ್ದೇವೆ. ನಿನ್ನೆಯಿಂದ ಬೆಳ್ಳುಳ್ಳಿ ಕೊಳೆತ ಹಾಗೆ ವಾಸನೆ ಬರುತ್ತಿದೆ. ಅತ್ತೆ 'ಎಲ್ಲರ ಮನೆಯಲ್ಲೂ ಹಾಕ್ತಾರೆ, ಏನೂ ಆಗಲ್ಲ' ಅನ್ನುತ್ತಾರೆ. ತೊಗರಿಗೆ ಬೇರೆ ಈ ವರ್ಷ ನಾಲ್ಕು ಸಲ ಎಣ್ಣೆ (ಕೀಟನಾಶಕ) ಹೊಡೆದಿದ್ದಾರಂತೆ. ಮೊಬೈಲ್‌ಗೆ ಬಂದ ಒಂದು ವಿಡಿಯೊದಲ್ಲಿ, ಈಗಿನ ಜೋಳದ ರೊಟ್ಟಿ ತಿಂದರೂ ಕ್ಯಾನ್ಸರ್ ಬರುತ್ತದೆ, ಕಾಳನ್ನು ಉಪ್ಪು ನೀರಲ್ಲಿ ತೊಳೆದರೆ ಮಾತ್ರ ವಿಷ ಹೋಗುತ್ತದೆ ಎಂದು ಹೇಳಿದರು. ನನಗೆ ನಾಲ್ಕು ವರ್ಷದ ಮಗ, ಎರಡನೇ ತರಗತಿಯ ಮಗಳು. ಆರ್ಗ್ಯಾನಿಕ್ ಕಾಳೇ ತಗೊಳ್ಳಬೇಕಾ? ನಮ್ಮ ಸಂಬಳಕ್ಕೆ ಅದು ಆಗೋದಲ್ಲ."

ಉತ್ತರ:

ತಂಗಿ, ನಿಮ್ಮ ಪತ್ರ ಓದಿದ ಕೂಡಲೇ ಫೋನ್ ಮಾಡಿ ಹೇಳಿದ್ದು ಒಂದೇ ಮಾತು. ಮಕ್ಕಳನ್ನು ಆ ಕೋಣೆಯಿಂದ ಹೊರಗೆ ತನ್ನಿ, ಕಿಟಕಿ ಬಾಗಿಲು ತೆರೆಯಿರಿ, ಆಮೇಲೆ ಚೀಲ ಮಾಳಿಗೆಗೆ, ಅಂದರೆ ಮನೆಯ ಮೇಲಿನ ಬಯಲು ಛಾವಣಿಗೆ ಏರಿಸಿ. ಅವತ್ತೇ ಆ ಕೆಲಸ ಆಯಿತು. ಮಕ್ಕಳು ಆರಾಮಾಗಿದ್ದಾರೆ. ಹಾಗಾಗಿ ಉಳಿದದ್ದನ್ನು ಈಗ ನಿಧಾನಕ್ಕೆ ಬರೆಯಬಹುದು. ವರ್ಷದ ಕಾಳು ಮನೆಯಲ್ಲಿ ಇಟ್ಟುಕೊಳ್ಳುವವರು ಈ ಊರಲ್ಲಿ ನೀವೊಬ್ಬರೇ ಅಲ್ಲ.

ನಿಮ್ಮ ಮೂಲ ಪತ್ರದಲ್ಲಿ ಗುಳಿಗೆಯ ಬಗ್ಗೆ ನಾಲ್ಕು ಸಾಲು ಇತ್ತು. ರೊಟ್ಟಿಯ ವಿಷದ ಬಗ್ಗೆ ಒಂದೂವರೆ ಪುಟ. ಮೂವತ್ತು ವರ್ಷ ಕಾಳಿನ ಹುಳ, ಹೊಲದ ಎಣ್ಣೆ ಇವುಗಳ ಜೊತೆಗೇ ಕೆಲಸ ಮಾಡಿದ್ದೇನೆ. ನನಗೆ ಬರುವ ಪತ್ರಗಳು ಬಹಳಷ್ಟು ಹೀಗೇ ಇರುತ್ತವೆ. ಅಪಾಯ ಒಂದು ಕಡೆ, ಭಯ ಇನ್ನೊಂದು ಕಡೆ. ನಾನು ಗುಳಿಗೆಯಿಂದಲೇ ಶುರು ಮಾಡುತ್ತೇನೆ.

ಅದರ ಹೆಸರು ಅಲ್ಯುಮಿನಿಯಂ ಫಾಸ್ಫೈಡ್. ಗಾಳಿಯ ಪಸೆ, ಕಾಳಿನ ಪಸೆ ತಾಗಿದರೆ ಅದರಿಂದ ಫಾಸ್ಫಿನ್ ಎಂಬ ಅನಿಲ ಏಳುತ್ತದೆ. ಹುಳ ಸಾಯುವುದು ಆ ಅನಿಲದಿಂದ. ಇಲಿಯೂ ಸಾಯುತ್ತದೆ, ಮನುಷ್ಯನೂ ಸಾಯುತ್ತಾನೆ. 3 ಗ್ರಾಂ ಗುಳಿಗೆಯಿಂದ 1 ಗ್ರಾಂ ಅನಿಲ ಬರುತ್ತದೆ. ಒಂದು ಗ್ರಾಂ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಉದ್ದ, ಅಗಲ, ಎತ್ತರ ಮೂರೂ 10 ಅಡಿ ಇರುವ ಕೋಣೆ. ಅದರಲ್ಲಿ ಎರಡು ಗುಳಿಗೆಯ ಅನಿಲ ಪೂರ್ತಿ ಹರಡಿದರೆ ಸುಮಾರು 50 ಪಿಪಿಎಂ ಆಗುತ್ತದೆ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 50 ಪಾಲು. ಇಷ್ಟಾದರೆ ಜೀವಕ್ಕೆ ತಕ್ಷಣ ಅಪಾಯ ಎಂದು ಅಮೆರಿಕದ ನಯೋಶ್ ಸಂಸ್ಥೆ ಕೆಲಸಗಾರರಿಗೆ ಹಾಕಿಟ್ಟ ಗೆರೆಯೂ 50 ಪಿಪಿಎಂ. ನಿಮ್ಮ ಕೋಣೆಯಲ್ಲಿ ಇದ್ದದ್ದು ಆರು ಗುಳಿಗೆ.

ಹಾಗಾದರೆ ಅತ್ತೆ ಹೇಳಿದ್ದು ಸುಳ್ಳಾ? ಸುಳ್ಳಲ್ಲ. ಅನಿಲ ಒಂದೇ ಸಲಕ್ಕೆ ಬರುವುದಿಲ್ಲ, ಎರಡು ಮೂರು ದಿನ ಸಣ್ಣಗೆ ಬರುತ್ತದೆ. ಊರ ಮನೆಯಲ್ಲಿ ಕಾಳಿನ ಕೋಣೆ ಬೇರೆ. ಮೇಲೆ ಬೆಳಕಿಂಡಿ ಇರುತ್ತದೆ, ಒಳಗೆ ಯಾರೂ ಮಲಗುವುದಿಲ್ಲ. ಅವರು ಕಂಡದ್ದು ಆ ಮನೆ. ಇಲ್ಲಿಯ ಬಾಡಿಗೆ ಕೋಣೆಯಲ್ಲಿ ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚಿರುತ್ತೀರಿ. ನಾಲ್ಕು ಜನ ಅಲ್ಲೇ ಮಲಗುತ್ತೀರಿ. ಮಗು ಚೀಲಕ್ಕೆ ಒರಗಿಕೊಂಡೇ ನಿದ್ದೆ ಹೋಗುತ್ತದೆ.

ವಾಸನೆಯನ್ನು ನಂಬಬೇಡಿ. ಶುದ್ಧ ಫಾಸ್ಫಿನ್‌ಗೆ ವಾಸನೆಯೇ ಇಲ್ಲ. ಬೆಳ್ಳುಳ್ಳಿ, ಕೊಳೆತ ಮೀನು ಅನ್ನಿಸುವುದು ಅದರ ಜೊತೆಗಿರುವ ಬೇರೆ ಅನಿಲಗಳ ವಾಸನೆ. ಬಂದರೆ ಎಚ್ಚರಿಕೆ ಅಂದುಕೊಳ್ಳಿ. ಬರದಿದ್ದರೆ ಕ್ಷೇಮ ಅಂದುಕೊಳ್ಳಬೇಡಿ.

ಇನ್ನೊಂದು ಕಷ್ಟ, ಇದರ ಲಕ್ಷಣ ಬೇರೆ ಕಾಯಿಲೆಯ ಹಾಗೇ ಇರುತ್ತದೆ. ತಲೆನೋವು, ವಾಂತಿ, ಹೊಟ್ಟೆನೋವು, ಎದೆ ಬಿಗಿಯುವುದು, ತಲೆ ಸುತ್ತುವುದು. ಕೆಲವು ವರ್ಷಗಳ ಹಿಂದೆ ಒಂದು ಮನೆಗೆ ಹೋಗಿದ್ದೆ. ಗಂಡ, ಹೆಂಡತಿ, ಮಗಳು ಮೂವರಿಗೂ ರಾತ್ರಿ ವಾಂತಿ. ಮದುವೆ ಊಟ ಕೆಟ್ಟಿತ್ತು ಅಂದುಕೊಂಡು ಸಲೈನ್ ಹಾಕಿಸಿಕೊಂಡು ಬಂದರು. ಹಗಲೆಲ್ಲ ಸುಮಾರಾಗಿದ್ದರು. ಮರುದಿನ ರಾತ್ರಿ ಮತ್ತೆ ಅದೇ. ಮಂಚದ ಕೆಳಗೆ ಕಡಲೆ ಚೀಲ ಇದೆ ಎಂಬುದು ಮೂರನೇ ದಿನ ಒಬ್ಬ ನರ್ಸ್ ಕೇಳಿದಾಗ ನೆನಪಾಯಿತು. ಉಳಿದುಕೊಂಡರು. ಫಾಸ್ಫಿನ್‌ಗೆ ಇದೇ ಮದ್ದು ಎಂಬ ಪ್ರತಿವಿಷ ಇಲ್ಲ. ಉಸಿರು, ರಕ್ತದ ಒತ್ತಡ ಕಾಯ್ದುಕೊಂಡು ನೋಡಿಕೊಳ್ಳುತ್ತಾರೆ ಅಷ್ಟೆ. ಹಾಗಾಗಿ ಮನೆಯಲ್ಲಿ ಗುಳಿಗೆ ಹಾಕಿದ ಚೀಲವಿದ್ದು, ಒಬ್ಬರಿಗಿಂತ ಜಾಸ್ತಿ ಜನಕ್ಕೆ ಒಟ್ಟಿಗೆ ಹೀಗಾದರೆ ಮೊದಲು ಎಲ್ಲರೂ ಹೊರಗೆ ಬನ್ನಿ, 108ಕ್ಕೆ ಫೋನ್ ಮಾಡಿ, ಡಾಕ್ಟರಿಗೆ "ಕಾಳಿನ ಗುಳಿಗೆ ಇತ್ತು" ಎಂದು ನೀವೇ ಹೇಳಿ. ಅವರು ಕೇಳುವವರೆಗೆ ಕಾಯಬೇಡಿ.

ಬೇಸರದ ಸಂಗತಿ ಏನೆಂದರೆ, ಇಷ್ಟೆಲ್ಲ ಅಪಾಯ ತಂದುಕೊಂಡರೂ ಹುಳ ಸರಿಯಾಗಿ ಸಾಯುವುದಿಲ್ಲ. ದೊಡ್ಡ ಉಗ್ರಾಣದಲ್ಲಿ ಚೀಲದ ರಾಶಿಗೆ ಅನಿಲ ದಾಟದ ಹಾಳೆ ಹೊದಿಸಿ, ಅಂಚಿಗೆ ಮರಳು ತುಂಬಿದ ಉದ್ದ ಚೀಲ ಒತ್ತಿ, ವಾರದ ಮೇಲೆ ಹಾಗೇ ಬಿಡುತ್ತಾರೆ. ಆಗ ಮೊಟ್ಟೆ, ಕೋಶದೊಳಗಿನ ಹುಳ ಎಲ್ಲಾ ಸಾಯುತ್ತವೆ. ಗೋಣಿಚೀಲದ ತುಂಬಾ ತೂತು. ಅನಿಲ ಒಳಗೆ ನಿಲ್ಲುವುದಿಲ್ಲ. ಓಡಾಡುವ ಹುಳ ಸಾಯುತ್ತದೆ, ಮೊಟ್ಟೆ ಉಳಿಯುತ್ತದೆ, ತಿಂಗಳಿಗೆ ಮತ್ತೆ ನುಸಿ. ಅರೆಬರೆ ಅನಿಲ ಕುಡಿದು ಬದುಕಿದ ಹುಳಗಳ ಸಂತಾನ ಗುಳಿಗೆಗೆ ಜಗ್ಗದ ಹಾಗೆ ಆಗಿದೆ. ಇದು ನಮ್ಮ ದೇಶದ ಉಗ್ರಾಣಗಳಲ್ಲಿ ಈಗ ನಿಜವಾದ ತಲೆನೋವು. ಹತ್ತು, ಇಪ್ಪತ್ತು ಗುಳಿಗೆಯ ಕೊಳವೆ ಡಬ್ಬಿಗಳನ್ನು ಕೇಂದ್ರ ಸರ್ಕಾರ 2001ರಲ್ಲೇ ನಿಷೇಧಿಸಿದೆ. ಗುಳಿಗೆ ಬಳಸಬೇಕಾದವರು ಸರ್ಕಾರಿ ಉಗ್ರಾಣದವರು, ಪರವಾನಗಿ ಇರುವ ಕೀಟ ನಿಯಂತ್ರಣದವರು. ಆದರೂ ಹಳ್ಳಿಯಲ್ಲಿ ಕೈಗೆ ಸಿಗುತ್ತದೆ. ನಿಮ್ಮ ಮೈದುನನಿಗೆ ಸಿಕ್ಕಿತಲ್ಲ.

ಈಗ ಮಾಳಿಗೆಯ ಮೇಲಿರುವ ಕಾಳನ್ನು ಚೆಲ್ಲಬೇಕಾ? ಬೇಡ. ಫಾಸ್ಫಿನ್ ಅನಿಲ, ಗಾಳಿಗೆ ಬಿಟ್ಟರೆ ಹೋಗುತ್ತದೆ. ಉಗ್ರಾಣದಿಂದ ಬರುವ ರೇಷನ್ ಅಕ್ಕಿಯೂ ಇದೇ ಅನಿಲ ಕುಡಿದು ಬಂದದ್ದೇ. ಎರಡು ಮೂರು ದಿನ ಬಯಲಲ್ಲಿ ಬಾಯಿ ಬಿಚ್ಚಿ ಇಡಿ. ಮಳೆ, ಇಬ್ಬನಿ ತಾಗಬಾರದು. ಆಮೇಲೆ ದೊಡ್ಡವರು ಯಾರಾದರೂ, ಗಾಳಿ ಬೆನ್ನಿಗೆ ಬರುವ ಹಾಗೆ ನಿಂತು, ಕೈಗವಸು ಹಾಕಿಕೊಂಡು ಬಟ್ಟೆಯ ಗಂಟುಗಳನ್ನು ಹುಡುಕಿ ತೆಗೆಯಲಿ. ಆರೂ ಗುಳಿಗೆಯ ಲೆಕ್ಕ ಸಿಗಬೇಕು, ಎಣಿಸಿ. ಒಳಗೆ ಬೂದು ಪುಡಿ ಇರುತ್ತದೆ. ಅದರಲ್ಲಿ ಕರಗದ ಗುಳಿಗೆಯ ಅಂಶ ಸ್ವಲ್ಪ ಉಳಿದಿರುತ್ತದೆ, ಹಾಗಾಗಿ ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬಕೆಟ್ ನೀರಿಗೆ ಹಾಕಬೇಡಿ, ಬಚ್ಚಲಿಗೆ ಸುರಿಯಬೇಡಿ. ನೀರು ಬಿದ್ದರೆ ಒಮ್ಮೆಗೇ ಅನಿಲ ಎದ್ದು ಬೆಂಕಿಯೂ ಹತ್ತಬಹುದು. ಮನೆಯಿಂದ, ಬಾವಿಯಿಂದ ದೂರ ಒಣ ಮಣ್ಣಲ್ಲಿ ಒಂದೂವರೆ ಅಡಿ ಆಳಕ್ಕೆ ಹೂಳಿ. ಗಂಟು ಬಿಚ್ಚಿ ಪುಡಿ ಕಾಳಿನಲ್ಲಿ ಸೇರಿದ್ದರೆ ಅಷ್ಟು ಭಾಗದ ಕಾಳು ಬೇರೆ ಮಾಡಿ. ಅದನ್ನು ಮಕ್ಕಳ ಹೊಟ್ಟೆಗೆ ಹಾಕುವ ಹಟ ಬೇಡ. ಉಳಿದದ್ದನ್ನು ಜರಡಿ ಹಿಡಿದು, ಮೊರದಲ್ಲಿ ಕೇರಿ, ಬಿಸಿಲಿಗೆ ಹಾಕಿ ತಿನ್ನಬಹುದು. ಒಂದು ಮಾತು: ಮೂಗಿಗೆ ಕರ್ಚೀಫು ಕಟ್ಟಿಕೊಂಡರೆ ಧೂಳು ತಡೆಯುತ್ತದೆ, ಅನಿಲ ತಡೆಯುವುದಿಲ್ಲ.

ಇನ್ನು ಹೊಲದ ಎಣ್ಣೆ

ನಾಲ್ಕು ಸಲ ಹೊಡೆದಿದ್ದಾರೆ ಅಂದಿರಿ. ನಮ್ಮ ಕಡೆ ತೊಗರಿಗೆ ಅದು ಜಾಸ್ತಿಯೇನಲ್ಲ, ಕಾಯಿ ಕೊರಕ ಹುಳ ಜೋರಾದ ವರ್ಷ ಇನ್ನೂ ಹೆಚ್ಚು ಹೊಡೆಯುವವರಿದ್ದಾರೆ. ಹಿಂದೆ ನಮ್ಮ ಹಿರಿಯರು ಸಾಲಿನಲ್ಲಿ ಬಟ್ಟೆ ಹಾಸಿಕೊಂಡು ಗಿಡ ಅಲುಗಾಡಿಸಿ ಹುಳ ಉದುರಿಸುತ್ತಿದ್ದರು. ಕಲಬುರಗಿಯ ತೊಗರಿ ಹೊಲದ ಈ ಪದ್ಧತಿಯನ್ನು ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ದಾಖಲಿಸಿದ್ದಾರೆ. ಈಗ ಅಷ್ಟು ಆಳು ಎಲ್ಲಿಂದ ಬರಬೇಕು?

ಎಣ್ಣೆ ಬೀಳುವುದು ಎಲೆ, ಹೂ, ಕಾಯಿಯ ಮೇಲೆ. ಕಾಳು ಕಾಯಿಯೊಳಗೆ ಇರುತ್ತದೆ. ಕಾಯಿಯ ಸಿಪ್ಪೆ ಕಣದಲ್ಲಿ ಹೊಟ್ಟಾಗಿ ಹೋಗುತ್ತದೆ. ಬೇಳೆ ಮಾಡಿಸಿದಾಗ ಕಾಳಿನ ಸಿಪ್ಪೆಯೂ ಹೋಗುತ್ತದೆ. ನಡುವೆ ವಾರಗಟ್ಟಲೆ ಬಿಸಿಲು. ಆಮೇಲೆ ಕುಕ್ಕರ್. ಇಷ್ಟು ದಾಟಿ ತಟ್ಟೆಗೆ ಬರುವುದು ಬಹಳ ಕಡಿಮೆ. ಗಿಡ ಒಳಗೆ ಹೀರಿಕೊಳ್ಳುವ ಔಷಧಿಗಳಿವೆ, ಅವು ಸ್ವಲ್ಪ ಕಾಳಿಗೂ ಹೋಗಬಹುದು. ಅದಕ್ಕೇ ಡಬ್ಬಿಯ ಚೀಟಿಯಲ್ಲಿ ಕೊನೆಯ ಸಿಂಪಡಣೆಗೂ ಕೊಯ್ಲಿಗೂ ನಡುವೆ ಎಷ್ಟು ದಿನ ಬಿಡಬೇಕು ಎಂದು ಬರೆದಿರುತ್ತಾರೆ. ಕೆಲವಕ್ಕೆ ಎರಡು ವಾರ, ಕೆಲವಕ್ಕೆ ಅದಕ್ಕಿಂತ ಜಾಸ್ತಿ. ಸಾವಿರಾರು ರೂಪಾಯಿಯ ಲ್ಯಾಬ್ ಪರೀಕ್ಷೆಗಿಂತ ಮೊದಲು ಮೈದುನನಿಗೆ ಒಂದು ಪ್ರಶ್ನೆ ಕೇಳಿ: ಕೊನೆಯ ಸಲ ಯಾವ ಎಣ್ಣೆ ಹೊಡೆದದ್ದು, ಅದಾದ ಎಷ್ಟು ದಿನಕ್ಕೆ ಕೊಯ್ದದ್ದು? ಇದು ಬಿಟ್ಟಿ ಪರೀಕ್ಷೆ. ಲ್ಯಾಬ್‌ನವರೂ ಮೊದಲು ಇದನ್ನೇ ಕೇಳುತ್ತಾರೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಉಳಿಕೆ ಪರೀಕ್ಷಿಸುವ ಒಳ್ಳೆಯ ಪ್ರಯೋಗಾಲಯ ಇದೆ. ಆದರೆ ಒಂದು ಚೀಲಕ್ಕಾಗಿ ನೀವು ಅಲ್ಲಿಗೆ ಓಡುವುದು ಬೇಡ.

ಲೆಕ್ಕ ಇಷ್ಟಪಡುವವರಿಗೆ ಒಂದು ಉದಾಹರಣೆ. ತೊಗರಿಯಲ್ಲಿ ಕಾಯಿ ಕೊರಕಕ್ಕೆ ಹೊಡೆಯುವ ಪ್ರೊಫೆನೊಫಾಸ್ ತೆಗೆದುಕೊಳ್ಳಿ. ಒಬ್ಬರು ಜೀವಮಾನವಿಡೀ ದಿನಾ ತಿಂದರೂ ತೊಂದರೆ ಇಲ್ಲ ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ ಇಟ್ಟ ಮಿತಿ, ಮೈ ತೂಕದ ಒಂದು ಕಿಲೋಗೆ 0.03 ಮಿಲಿಗ್ರಾಂ. ನಿಮ್ಮ ಮಗನ ತೂಕ 15 ಕಿಲೋ ಅಂದುಕೊಳ್ಳೋಣ, ಮಿತಿ 0.45 ಮಿಲಿಗ್ರಾಂ ಆಯಿತು. ಬೇಳೆಯಲ್ಲಿ ಕಿಲೋಗೆ 0.05 ಮಿಲಿಗ್ರಾಂ ಉಳಿದಿದೆ ಎಂದು ಸುಮ್ನೆ ಇಟ್ಟುಕೊಳ್ಳಿ. ಅವನು ದಿನಕ್ಕೆ 50 ಗ್ರಾಂ ಬೇಳೆ ತಿಂದರೆ ಹೊಟ್ಟೆಗೆ ಹೋಗುವುದು 0.0025 ಮಿಲಿಗ್ರಾಂ. ಮಿತಿಯ 180ರಲ್ಲಿ ಒಂದು ಪಾಲು. ಆ ಮಿತಿಯನ್ನು ಇಡುವಾಗಲೇ ಪ್ರಾಣಿಗಳಲ್ಲಿ ತೊಂದರೆ ಕಾಣದ ಪ್ರಮಾಣವನ್ನು ಸಾಮಾನ್ಯವಾಗಿ ನೂರರಿಂದ ಭಾಗಿಸಿರುತ್ತಾರೆ.

ಪತ್ರಿಕೆಯಲ್ಲಿ ಬರುವ 'ಮಿತಿ ಮೀರಿದ ಕೀಟನಾಶಕ' ಎಂಬುದು ಬೇರೆ ಮಿತಿ. ಎಂಆರ್‌ಎಲ್ ಅನ್ನುತ್ತಾರೆ, ನಮ್ಮಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಗದಿ ಮಾಡುತ್ತದೆ. ರೈತ ಚೀಟಿಯಲ್ಲಿ ಹೇಳಿದ ಹಾಗೆ ಹೊಡೆದರೆ ಕಾಳಿನಲ್ಲಿ ಎಷ್ಟು ಉಳಿಯಬಹುದು ಎಂಬುದರ ಮೇಲೆ ಅದನ್ನು ಇಡುತ್ತಾರೆ. ಮೀರಿದರೆ ಸಾಮಾನ್ಯವಾಗಿ ಯಾರೋ ತಪ್ಪಾಗಿ ಬಳಸಿದ್ದಾರೆ ಎಂದು ಅರ್ಥ. ತಿಂದವರಿಗೆ ವಿಷ ಏರಿತು ಎಂದು ಅರ್ಥವಲ್ಲ. 2018ರಿಂದ ಯುರೋಪ್‌ನವರು ಬಾಸ್ಮತಿಯಲ್ಲಿ ಟ್ರೈಸೈಕ್ಲಜೋಲ್ ಎಂಬ ಶಿಲೀಂಧ್ರನಾಶಕದ ಮಿತಿಯನ್ನು ಕಿಲೋಗೆ 1 ಮಿಲಿಗ್ರಾಂನಿಂದ 0.01ಕ್ಕೆ ಇಳಿಸಿದರು. ಅದೇ ಅಕ್ಕಿ, ಒಂದು ದಿನದ ಹಿಂದೆ ಪಾಸು, ಮರುದಿನ ನಪಾಸು.

ಇದನ್ನೆಲ್ಲ ಹೇಳಿ ನಿಮಗೆ ಜೋಗುಳ ಹಾಡುತ್ತಿಲ್ಲ. ಈ ಲೆಕ್ಕ ಒಂದು ಔಷಧಿಯದ್ದು. ನಾಲ್ಕೈದು ಔಷಧಿ ಸಣ್ಣ ಸಣ್ಣ ಪ್ರಮಾಣದಲ್ಲಿ ಒಟ್ಟಿಗೆ ಹೋದರೆ ಏನು ಎಂಬುದನ್ನು ಈ ಮಿತಿಗಳು ಚೆನ್ನಾಗಿ ಹಿಡಿಯುವುದಿಲ್ಲ. ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದರೆ ನಮಗಿಂತ ಜಾಸ್ತಿ ತಿನ್ನುತ್ತಾರೆ. ನಿನ್ನೆ ಕ್ಷೇಮ ಅಂದದ್ದು ಇವತ್ತು ಅಲ್ಲ ಎಂದಾಗಿದೆ ಕೂಡ. ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಮಕ್ಕಳ ಮಿದುಳಿನ ಬೆಳವಣಿಗೆಗೆ ಕೆಟ್ಟದ್ದು ಎಂಬ ಆತಂಕದಿಂದ ಯುರೋಪ್ 2020ರಲ್ಲಿ ಅದನ್ನು ಕೈಬಿಟ್ಟಿತು. ನಮ್ಮಪ್ಪ ಬಿತ್ತನೆ ಜೋಳಕ್ಕೆ ಬಿಎಚ್‌ಸಿ ಪುಡಿ ಕಲಸಿ ಇಡುತ್ತಿದ್ದರು. ಕಾಳು ಕಡಿಮೆ ಬಿದ್ದ ವರ್ಷ ಅವ್ವ ಅದನ್ನೇ ತೊಳೆದು, ಬೀಸಿ, ರೊಟ್ಟಿ ಬಡಿದಳು. ಆಗ ಅದು ಅಂಗಡಿಯಲ್ಲಿ ಸಲೀಸಾಗಿ ಸಿಗುವ ಪುಡಿ. ಅದು ನಿಷೇಧವಾಗಿದ್ದು 1997ರಲ್ಲಿ. ಎಂಡೋಸಲ್ಫಾನ್ ನಿಂತದ್ದು 2011ರಲ್ಲಿ, ಅದೂ ಸುಪ್ರೀಂ ಕೋರ್ಟ್ ಹೇಳಿದ ಮೇಲೆ. ಹಾಗಾಗಿ 'ಸರ್ಕಾರ ಒಪ್ಪಿದೆ, ಹೆದರಬೇಡಿ' ಎಂದು ನಾನು ಹೇಳುವವನಲ್ಲ. ಉಳಿಕೆ ಕಡಿಮೆ ಆದಷ್ಟೂ ಒಳ್ಳೆಯದೇ.

ಜೋಳದ ವಿಷಯಕ್ಕೆ ಬಂದರೆ ಆ ವಿಡಿಯೊ ಮಾಡಿದವರು ನಮ್ಮ ಹೊಲ ನೋಡಿಲ್ಲ. ಹಿಂಗಾರಿ ಬಿಳಿಜೋಳವನ್ನು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತುತ್ತೇವೆ. ಕಪ್ಪು ಮಣ್ಣಿನ ಹಸಿಯಲ್ಲಿ, ಇಬ್ಬನಿಯಲ್ಲಿ ಬೆಳೆಯುತ್ತದೆ. ಹೊಡೆದರೆ ಮೊದಲ ತಿಂಗಳು ಸುಳಿ ನೊಣಕ್ಕೆ ಒಂದು ಸಲ, ಇಲ್ಲದಿದ್ದರೆ ಅದೂ ಇಲ್ಲ. ತೆನೆ ಒಣಗುವ ಹೊತ್ತಿಗೆ ಮೂರು ತಿಂಗಳು ಕಳೆದಿರುತ್ತದೆ. ನಾವು ದಿನಾ ತಿನ್ನುವ ಕಾಳುಗಳಲ್ಲಿ ಇಷ್ಟು ಕಡಿಮೆ ಎಣ್ಣೆ ಕಾಣುವ ಕಾಳು ಅಪರೂಪ. ರೊಟ್ಟಿಗೆ ಹೆದರಿ ಅನ್ನಕ್ಕೆ ತಿರುಗಿದ ಒಂದು ಮನೆ ನನಗೆ ಗೊತ್ತು. ನೀರಾವರಿ ಭತ್ತಕ್ಕೆ ಎಷ್ಟು ಸಲ ಹೊಡೆಯುತ್ತಾರೆ ಎಂದು ಶಹಾಪುರ, ಸುರಪುರದ ಕಡೆ ಒಮ್ಮೆ ಕೇಳಿಕೊಂಡು ಬನ್ನಿ ಎಂದೆ.

ಜನ ಸತ್ತದ್ದು ಎಲ್ಲಿ?

ಕಾಳು ಮತ್ತು ಕೀಟನಾಶಕ ಕೂಡಿ ಜನ ಸತ್ತ ದೊಡ್ಡ ಘಟನೆಗಳನ್ನು ಒಮ್ಮೆ ನೋಡಿ. 1958ರಲ್ಲಿ ಕೇರಳದಲ್ಲಿ 100ಕ್ಕೂ ಹೆಚ್ಚು ಜನ ಸತ್ತರು. ಸಾಗಿಸುವಾಗ ಪ್ಯಾರಾಥಿಯಾನ್ ತಾಗಿದ ಗೋಧಿ ಹಿಟ್ಟು ತಿಂದಿದ್ದರು. ನಮ್ಮ 1968ರ ಕೀಟನಾಶಕ ಕಾಯಿದೆ ಬರಲು ಅದೇ ಕಾರಣ. 1971–72ರಲ್ಲಿ ಇರಾಕ್‌ನಲ್ಲಿ ಪಾದರಸದ ಔಷಧಿ ಸವರಿದ ಬಿತ್ತನೆ ಗೋಧಿಯನ್ನು ಹಸಿವಿಗೆ ಬೀಸಿ ರೊಟ್ಟಿ ಮಾಡಿಕೊಂಡರು. ಆಸ್ಪತ್ರೆ ಸೇರಿದವರು 6,000ಕ್ಕೂ ಹೆಚ್ಚು, ಆಸ್ಪತ್ರೆಯಲ್ಲೇ ಸತ್ತವರು 459. 2013ರಲ್ಲಿ ಬಿಹಾರದ ಸಾರಣ್ ಜಿಲ್ಲೆಯಲ್ಲಿ ಶಾಲೆಯ ಬಿಸಿಯೂಟ ತಿಂದು 23 ಮಕ್ಕಳು ತೀರಿಕೊಂಡರು, ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಇತ್ತು. ಮೂರರಲ್ಲೂ ಹೊಲದಲ್ಲಿ ಬೆಳೆಗೆ ಹೊಡೆದ ಎಣ್ಣೆಯ ಉಳಿಕೆ ಕಾರಣ ಅಲ್ಲ. ಒಂದರಲ್ಲಿ ಸಾಗಣೆ, ಒಂದರಲ್ಲಿ ಬಿತ್ತನೆ ಬೀಜ, ಇನ್ನೊಂದರಲ್ಲಿ ಅಡುಗೆ ಎಣ್ಣೆಗೆ ಸೇರಿದ ಔಷಧಿ.

ನಮ್ಮ ಮನೆಗಳಿಗೂ ಅಪಾಯ ಬರುವ ದಾರಿ ಅವೇ. ಬಣ್ಣ ಸವರಿದ ಬಿತ್ತನೆ ಕಾಳು ಉಳಿಯಿತು ಎಂದು ತೊಳೆದು ತಿನ್ನುವುದು. ಔಷಧಿಯ ಕ್ಯಾನಿನಲ್ಲಿ ಸೀಮೆಎಣ್ಣೆ, ನೀರು, ಬೆಲ್ಲದ ಪಾಕ ಇಡುವುದು. ಕಾಳಿಗೆ ಹಾಕಲು ಕೆಲವರು ತರುವ ಪಾದರಸದ ಗುಳಿಗೆ. ಅದು ಅಂಗಡಿಯಲ್ಲಿ 'ದೇಶೀ' ಎಂಬ ಹೆಸರಲ್ಲಿ ಸಿಕ್ಕರೂ ಮುಟ್ಟಬೇಡಿ, ಪಾದರಸ ಪಾದರಸವೇ.

ಇನ್ನೊಂದನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಒಣ ತೊಗರಿಗಿಂತ ಹಸಿ ತೊಗರಿ ಕಾಯಿಗೆ ನನಗೆ ಹೆದರಿಕೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗುತ್ತೇವೆ. ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ ಉಂಡು, ಮಕ್ಕಳು ಸಾಲಿನಲ್ಲಿ ಓಡಾಡಿ ಕಾಯಿ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ. ಅದೇ ಹೊತ್ತಿಗೆ ತಡವಾಗಿ ಬಿತ್ತಿದ ಹೊಲಗಳಲ್ಲಿ ಕೊನೆಯ ಸಿಂಪಡಣೆ ನಡೆದಿರುತ್ತದೆ. ಒಣ ಕಾಳಿಗೆ ಸಿಗುವ ಬಿಸಿಲು, ಕಣ, ಗಿರಣಿ ಯಾವುದೂ ಆ ಕಾಯಿಗೆ ಸಿಕ್ಕಿಲ್ಲ. ಮೊನ್ನೆ ಹೊಡೆದ ಎಣ್ಣೆ ಇವತ್ತು ನೇರ ಬಾಯಿಗೆ. ಸೀತನಿಗೆ, ಅಂದರೆ ಸುಟ್ಟು ತಿನ್ನುವ ಹಸಿ ಜೋಳದ ತೆನೆಗೆ, ಈ ಚಿಂತೆ ಕಡಿಮೆ. ತೊಗರಿ, ಕಡಲೆ ಹಸಿಕಾಯಿಗೆ ಮಾತ್ರ ಕೇಳಿಕೊಂಡೇ ಕೀಳಿ. 'ಅಣ್ಣಾ, ಎಣ್ಣೆ ಯಾವಾಗ ಹೊಡೆದದ್ದು?' ಅಷ್ಟೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಕ್ಯಾನ್ಸರ್ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಮಲಾಥಿಯಾನ್ ಎಂಬ ಕೀಟನಾಶಕ, ಗ್ಲೈಫೋಸೇಟ್ ಎಂಬ ಕಳೆನಾಶಕ ಎರಡನ್ನೂ 'ಬಹುಶಃ ಕ್ಯಾನ್ಸರ್ ತರುವಂಥವು' ಎಂಬ ಪಟ್ಟಿಗೆ ಸೇರಿಸಿತು. ಮನುಷ್ಯರ ಮೇಲಿನ ಆಧಾರ ಬಹುಪಾಲು ಬಂದದ್ದು ಹೊಲದಲ್ಲಿ ಹೊಡೆಯುವವರಿಂದ. ಅವರ ಮೈ ಮೇಲೆ ಬೀಳುವುದಕ್ಕೂ ನಿಮ್ಮ ತಟ್ಟೆಗೆ ಬರುವುದಕ್ಕೂ ಅಜಗಜಾಂತರ. ನಿಜ ಹೇಳಬೇಕೆಂದರೆ ಈ ಇಡೀ ಕತೆಯಲ್ಲಿ ನನಗೆ ಚಿಂತೆ ಇರುವುದು ನಿಮ್ಮ ಮೈದುನನದ್ದು. ಬೆನ್ನಿಗೆ ಪಂಪು, ಬರಿಗಾಲು, ಎದುರುಗಾಳಿ. ಬಾಯಲ್ಲಿ ಗುಟ್ಕಾ ಇದ್ದರೆ ಅದೂ ಸೇರಿತು. ಎಣ್ಣೆ ಹೊಡೆದ ಸಂಜೆ ಬೆವರು, ಜೊಲ್ಲು, ಕಣ್ಣು ಮಂಜು, ಮೈ ಕೈ ನಡುಕ ಬಂದರೆ ಅದು ಬಿಸಿಲಿನ ದಣಿವಲ್ಲ, ಆಸ್ಪತ್ರೆಗೆ ಹೋಗಬೇಕು. ಡಬ್ಬಿಯನ್ನೂ ಜೊತೆಗೆ ಒಯ್ಯಬೇಕು. ಈ ಜಾತಿಯ ವಿಷಕ್ಕೆ ಅಟ್ರೋಪಿನ್ ಎಂಬ ಮದ್ದು ಇದೆ, ಬೇಗ ಹೋದರೆ ಉಳಿಯುತ್ತಾರೆ. ಡಬ್ಬಿಯ ಮೇಲಿನ ತ್ರಿಕೋನ ಕೆಂಪಿದ್ದರೆ ಅದು ಅತಿ ವಿಷದ ಗುಂಪು ಎಂದು ಅವನಿಗೆ ತೋರಿಸಿಕೊಡಿ.

ತೊಳೆಯುವುದು, ಇಡುವುದು

ಉಪ್ಪು, ಸೋಡಾ, ವಿನೆಗರ್ ಯಾವುದೂ ಬೇಡ. ಜೋಳವನ್ನು ಹಸನು ಮಾಡಿ, ಸಾದಾ ನೀರಲ್ಲಿ ಎರಡು ಸಲ ತೊಳೆದು, ಬಿಸಿಲಲ್ಲಿ ಗರಿಗರಿ ಒಣಗಿಸಿ ಗಿರಣಿಗೆ ಕಳಿಸಿ. ಮೇಲಿನ ಧೂಳು, ಅದರ ಜೊತೆ ಉಳಿಕೆಯ ಒಂದು ಭಾಗ ಹೋಗುತ್ತದೆ. ಒಳಗೆ ಸೇರಿದ್ದು ಯಾವ ನೀರಿಗೂ ಹೋಗುವುದಿಲ್ಲ. ಬೇಳೆಯನ್ನು ಅರ್ಧ ಗಂಟೆ ನೆನೆಸಿ, ಆ ನೀರು ಚೆಲ್ಲಿ ಬೇಯಿಸಿ. ಇಷ್ಟೇ.

ಆದರೆ ತೊಳೆದು ಅರೆ ಒಣಗಿಸಿ ತುಂಬಿಟ್ಟರೆ ಬೂಸ್ಟು ಹಿಡಿಯುತ್ತದೆ. ಬೂಸ್ಟಿನ ವಿಷ ಎಣ್ಣೆಯ ಉಳಿಕೆಗಿಂತ ಕೆಟ್ಟದ್ದು. 1995ರಲ್ಲಿ ಮಳೆಗೆ ಸಿಕ್ಕು ಬೂಸ್ಟು ಹಿಡಿದ ಜೋಳ, ಮೆಕ್ಕೆಜೋಳ ತಿಂದು ದಖ್ಖನ್ನಿನ ಎಷ್ಟೋ ಹಳ್ಳಿಗಳಲ್ಲಿ ಹೊಟ್ಟೆನೋವು, ಭೇದಿ ಹರಡಿತ್ತು. ಫ್ಯುಮೊನಿಸಿನ್ ಎಂಬ ಬೂಸ್ಟಿನ ವಿಷ ಅದಕ್ಕೆ ಕಾರಣ. ಶೇಂಗಾ, ಮೆಕ್ಕೆಜೋಳದಲ್ಲಿ ಬರುವ ಅಫ್ಲಾಟಾಕ್ಸಿನ್ ಎಂಬ ಬೂಸ್ಟಿನ ವಿಷ ಲಿವರ್ ಕ್ಯಾನ್ಸರ್ ತರುತ್ತದೆ ಎಂಬುದರಲ್ಲಿ ಅನುಮಾನವೇ ಇಲ್ಲ. ಎಣ್ಣೆ ಕಾಣದ ಕಾಳು ಎಂದು ದುಬಾರಿ ಕೊಟ್ಟು ತಂದು, ಬೂಸ್ಟು ಹಿಡಿಸಿ ತಿಂದರೆ ಏನು ಬಂತು?

ಗುಳಿಗೆ ಬಿಟ್ಟರೆ ಕಾಳು ಇಡುವುದು ಹೇಗೆ? ಮೊದಲನೆಯದು ಬಿಸಿಲು. ನಮ್ಮಲ್ಲಿ ಅದಕ್ಕೆ ಬರವಿಲ್ಲ. ಏಪ್ರಿಲ್, ಮೇನಲ್ಲಿ ಕಪ್ಪು ಹಾಳೆಯ ಮೇಲೆ ತೊಗರಿ ತೆಳುವಾಗಿ ಹರಡಿ, ಮೇಲೆ ಪಾರದರ್ಶಕ ಹಾಳೆ ಮುಚ್ಚಿ, ಅಂಚಿಗೆ ಕಲ್ಲು ಇಟ್ಟು ಮಧ್ಯಾಹ್ನವೆಲ್ಲ ಬಿಡಿ. ಒಳಗೆ 60 ಡಿಗ್ರಿ ದಾಟಿದರೆ ಹುಳ, ಮೊಟ್ಟೆ ಎರಡೂ ಸಾಯುತ್ತವೆ. ತಿನ್ನುವ ಕಾಳಿಗೆ ಮಾತ್ರ ಹೀಗೆ ಮಾಡಿ, ಬಿತ್ತನೆಗೆ ಬೇಡ. ಒಣಗಿದೆಯೋ ಇಲ್ಲವೋ ಹಲ್ಲಿಗೆ ಹಾಕಿ ನೋಡಿ, ಕಟ್ ಎನ್ನಬೇಕು.

ಆಮೇಲೆ ಗಾಳಿ ಆಡದ ಚೀಲ. ಗೋಣಿಯ ಒಳಗೆ ದಪ್ಪ ಪ್ಲಾಸ್ಟಿಕ್ ಪದರ ಇರುವ ಚೀಲಗಳು ಈಗ ಸಿಗುತ್ತವೆ. ಕಾಳು ಒತ್ತಿ ತುಂಬಿ, ಗಾಳಿ ತೆಗೆದು, ಬಿಗಿಯಾಗಿ ಕಟ್ಟಿದರೆ ಒಳಗಿನ ಹುಳ ಆಮ್ಲಜನಕ ಮುಗಿಸಿಕೊಂಡು ತಾವೇ ಸಾಯುತ್ತವೆ. ಇದು ನಮ್ಮ ಹಗೇವಿನ, ಅಂದರೆ ನೆಲದೊಳಗೆ ಕಾಳು ತುಂಬಿಡುವ ಗುಂಡಿಯ ಬುದ್ಧಿಯೇ. ಹಗೇವಿಗೆ ಇಳಿಯುವ ಮೊದಲು ಹಿರಿಯರು ದೀಪ ಇಳಿಸಿ ನೋಡುತ್ತಿದ್ದರು, ದೀಪ ಆರಿದರೆ ಇಳಿಯುತ್ತಿರಲಿಲ್ಲ. ದೀಪ ಆರಿಸುವ ಆ ಗಾಳಿಯೇ ಹುಳವನ್ನೂ ಸಾಯಿಸುತ್ತಿತ್ತು. ಚೀಲದ ಕಷ್ಟ ಎರಡು. ಇಲಿ ಕಡಿದರೆ ಮುಗಿಯಿತು, ಮತ್ತೆ ಮತ್ತೆ ಬಾಯಿ ಬಿಚ್ಚಿದರೂ ಮುಗಿಯಿತು. ಹಾಗಾಗಿ ತಿಂಗಳಿಗೆ ಬೇಕಾದಷ್ಟು ಡಬ್ಬಿಗೆ ತೆಗೆದು, ಉಳಿದದ್ದನ್ನು ಮುಟ್ಟದೆ ಬಿಡಿ.

ಬೇಳೆಗೆ ಕಿಲೋಗೆ ಒಂದು ಚಮಚ ಔಡಲ ಎಣ್ಣೆ (ಹರಳೆಣ್ಣೆ) ಸವರಿದರೆ ಹುಳ ಮೊಟ್ಟೆ ಇಡುವುದು ಕಡಿಮೆಯಾಗುತ್ತದೆ. ಒಗ್ಗರಣೆಯಲ್ಲಿ ರುಚಿಯೂ ಗೊತ್ತಾಗುವುದಿಲ್ಲ. ಬೇವಿನ ಎಲೆ ಇಡುತ್ತೀರಾ, ಇಡಿ. ನೆರಳಲ್ಲಿ ಒಣಗಿಸಿದ್ದು ಇರಲಿ, ಹಸಿ ಎಲೆ ಪಸೆ ತರುತ್ತದೆ. ಅದು ಹುಳವನ್ನು ದೂರ ಇಡುತ್ತದೆಯೇ ಹೊರತು ಒಳಗಿದ್ದದ್ದನ್ನು ಕೊಲ್ಲುವುದಿಲ್ಲ. ಎಲ್ಲಕ್ಕಿಂತ ಸುಲಭ, ಬಾಡಿಗೆ ಮನೆಗೆ ವರ್ಷದ ಕಾಳು ತರಿಸದೆ ಮೂರು ತಿಂಗಳಿಗೊಮ್ಮೆ ತರಿಸುವುದು. ಊರಲ್ಲಿ ಕಾಳಿನ ಕೋಣೆ ಇದ್ದೇ ಇದೆಯಲ್ಲ.

ಆರ್ಗ್ಯಾನಿಕ್? ಕೊಳ್ಳುವ ಶಕ್ತಿ ಇದ್ದರೆ ಸರ್ಕಾರ ಒಪ್ಪಿದ ಆರ್ಗ್ಯಾನಿಕ್ ಗುರುತು ನೋಡಿ ಕೊಳ್ಳಿ. ಆ ಗುರುತಿಲ್ಲದೆ ಬರೀ ಬಾಯಿ ಮಾತಿಗೆ ದುಪ್ಪಟ್ಟು ಕೊಡಬೇಡಿ. ನಿಮ್ಮ ಪರಿಸ್ಥಿತಿಯಲ್ಲಿ ನಾನಾಗಿದ್ದರೆ ಜೋಳಕ್ಕೆ ಖಂಡಿತ ಕೊಡುತ್ತಿರಲಿಲ್ಲ. ಸ್ವಂತ ಹೊಲ ಇರುವವರು ನೀವು. ಮುಂದಿನ ವರ್ಷ ಮನೆ ಬಳಕೆಯ ತೊಗರಿಗೆ ನಾಲ್ಕು ಸಾಲು ಬೇರೆ ಬಿಟ್ಟು, ಅಲ್ಲಿ ಗಿಡ ಅಲುಗಾಡಿಸಿ ಹುಳ ಉದುರಿಸಿ ಎಂದು ಹೇಳಿ ನೋಡಿ. ನಾಲ್ಕು ಸಾಲಿಗೆ ಆಳು ಸಾಲದು ಅನ್ನುವ ಮಾತು ಬರುವುದಿಲ್ಲ.

ಕೊನೆಗೆ ಇನ್ನೊಂದು. ಮೈದುನ ಆರು ಗುಳಿಗೆ ಹಾಕಿದ್ದಾನೆ ಅಂದಿರಿ. ಡಬ್ಬಿಯಲ್ಲಿ ಉಳಿದವು ಎಲ್ಲಿವೆ? ಫೋನ್ ಮಾಡಿ ಕೇಳಿ. ಅಡುಗೆಮನೆಯ ಗೂಡಿನಲ್ಲೋ ದೇವರ ಕೋಣೆಯ ಮಾಡದಲ್ಲೋ ಇದ್ದರೆ ಇವತ್ತೇ ತೆಗೆಸಿ.